ಉಣ್ಣಿಹಳ್ಳದ ಸೋಮವಾರದವರು

ಹುಕ್ಕೇರಿ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿಗೆ ರಜೆ ಎಂದ ಮೇಲೆ ಎತ್ತಿನ ಹಿಂದೆ ನಡೆಯುವವನಿಗೂ ರಜೆ. ಈಗ ಗುಡ್ಡದಹಟ್ಟಿಯಲ್ಲಿ ಎತ್ತಿಗಿಂತ ಟ್ರ್ಯಾಕ್ಟರೇ ಹೆಚ್ಚು, ಆದರೆ ರಜೆಯನ್ನು ಮಾತ್ರ ಯಾರೂ ಬಿಟ್ಟುಕೊಟ್ಟಿಲ್ಲ. ಸೋಮವಾರ ಬಂತೆಂದರೆ ಗಂಡಸರು ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಜಗಿಯುತ್ತ, ಜಗತ್ತಿನ ಎಲ್ಲರ ತಪ್ಪನ್ನೂ ತಿದ್ದುತ್ತಿದ್ದರು. ಆ ಕಟ್ಟೆಯನ್ನು ಖಾಲಿ ಮಾಡಿಸಿದವಳು ಲಗಮವ್ವ.

ಲಗಮವ್ವ ಹಾಲುಮತದ ಹೆಣ್ಣುಮಗಳು. ಗಂಡ ತೀರಿದ ಮೇಲೆ ಮೈದುನ ಮಾಲಿಂಗಪ್ಪನ ಜೊತೆ ಸೇರಿ ಹೊಲವನ್ನೂ ಕುರಿಹಿಂಡನ್ನೂ ನಡೆಸಿಕೊಂಡು ಬಂದವಳು. ಐವತ್ತು ದಾಟಿದ್ದರೂ ಹಿಂಡಿನ ಹಿಂದೆ ಅವಳು ಇಡುವ ಹೆಜ್ಜೆಗೆ ಹರೆಯದವರು ಏದುಸಿರು ಬಿಡಬೇಕಿತ್ತು. ಎರಡು ವರ್ಷದ ಹಿಂದೆ ಒಂದು ಸೋಮವಾರ ಅವಳು ತಲೆಯ ಮೇಲೆ ಹಸಿ ಉಣ್ಣೆಯ ಗಂಟು ಹೊತ್ತು ಬಂದು ಕಟ್ಟೆಯವರ ನಡುವೆ ದೊಪ್ಪನೆ ಇಳಿಸಿದಳು. ಗಂಟು ಬಿಚ್ಚಿಕೊಂಡಿತು. ಬಿಳಿ ಉಣ್ಣೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಕರಿ ಉಣ್ಣೆ ತೆಂಗಿನ ನಾರಿನಂತೆ ಸೆಟೆದಿತ್ತು. ಕೆಂಪು ನೀರು ಕಟ್ಟೆಯ ತುಂಬ ಹರಿಯಿತು.

"ಏ ಏ, ನನ್ನ ಧೋತ್ರ ಹೊಲಸಾತು!" ಎಂದು ಉದ್ದಪ್ಪ ಜಿಗಿದು ಎದ್ದ. ಅವನು ಊರ ಸಾಲಿಯಲ್ಲಿ ಮೂವತ್ತು ವರ್ಷ ಗಂಟೆ ಹೊಡೆದು ನಿವೃತ್ತನಾದ ಜವಾನ. ಸ್ವಚ್ಛತೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು.

"ಆಗಲಿ ಬಿಡ್ರಿ ಕಾಕಾ," ಎಂದಳು ಲಗಮವ್ವ. "ಧೋತ್ರಕ್ಕ ಒಂದು ಹನಿ ಬಿದ್ರ ಎದ್ದ ನಿಂತ್ರಿ. ಹಳ್ಳಕ್ಕ ಈ ರೋಗ ಹತ್ತಿ ಇಷ್ಟು ವರ್ಷಾತು, ಒಬ್ಬರರೆ ಎದ್ದೀರೇನು? ಆ ನೀರಾಗ ತೊಳದ ಈ ಉಣ್ಣಿ ನೇಯಾಂವ ಮುಟ್ಟಿ ನೋಡಿ, 'ಲಗಮವ್ವ, ಇದರಾಗ ಕಂಬಳಿ ಆಗಂಗಿಲ್ಲ, ಭಾಂಡಿ ತಿಕ್ಕಾಕ ಆಗ್ತೈತಿ' ಅಂದ. ಹಂಚಿಕೊಂಡ ಒಯ್ರಿ. ನಿಮ್ಮ ನಿಮ್ಮ ಮನ್ಯಾಗ ಭಾಂಡಿ ತಿಕ್ರಿ."

ಯಾರೂ ನಗಲಿಲ್ಲ. ಮಾತು ಸುಳ್ಳಾಗಿದ್ದರೆ ನಗಬಹುದಿತ್ತು.

ಊರ ಮಗ್ಗುಲಿನ ಹಳ್ಳಕ್ಕೆ ಉಣ್ಣಿಹಳ್ಳ ಎಂದು ಹೆಸರು ಬಂದದ್ದೇ ಕುರಿಗಳ ಉಣ್ಣೆಯಿಂದ. ಕತ್ತರಿ ಹಾಕುವ ಮೊದಲು ಕುರಿ ತೊಳೆಯಬೇಕು. ಸುತ್ತಿನ ಊರುಗಳ ಹಿಂಡುಗಳೆಲ್ಲ ಇಲ್ಲಿಯ ಮಡುವಿಗೆ ಬರುತ್ತಿದ್ದವು. ಆ ದಿನಗಳಲ್ಲಿ ದಂಡೆಯ ಜಾಲಿಕಂಟಿಗಳಿಗೆಲ್ಲ ಉಣ್ಣೆ ಸಿಕ್ಕಿಕೊಂಡು, ಹತ್ತಿ ಅರಳಿದ ಹೊಲದ ಹಾಗೆ ಕಾಣುತ್ತಿತ್ತು. ಆಮೇಲೆ, ಲಗಮವ್ವ ಸೊಸೆಯಾಗಿ ಬಂದ ಹೊಸತರಲ್ಲಿ, ಯಾವುದೋ ಊರಿನ ಕಂಪನಿಯವರು ಗುಡ್ಡದಲ್ಲಿ ಕಲ್ಲಿದ್ದಲು ಇದೆ ಎಂದು ಬಂದರು. ಯಂತ್ರ ತಂದರು, ಗುಡ್ಡದ ಹೊಟ್ಟೆ ಬಗೆದರು, ಕರಿ ಕಲ್ಲನ್ನು ರಾಶಿ ಹಾಕಿದರು. ಕಲ್ಲು ಕಪ್ಪಗಿತ್ತು ಎನ್ನುವುದು ಖರೆ. ಆದರೆ ಒಂದು ಕಪ್ಪು ಚಹಾ ಕಾಯಿಸುವಷ್ಟೂ ಉರಿಯಲಿಲ್ಲ. ಕಂಪನಿ ಒಂದು ದಿನ ಹೇಳದೆ ಕೇಳದೆ ಎದ್ದು ಹೋಯಿತು. ಉಳಿದದ್ದು ಹೆಸರಿಗೊಂದು ಇದ್ದಲ ಖಣಿ. ಅದರಲ್ಲಿ ಮಳೆನೀರು ನಿಂತಿತು, ಒಳಗಿನ ಊಟೆಯ ನೀರು ಸೇರಿತು, ತುಂಬಿ ಸುರಿದು ಉಣ್ಣಿಹಳ್ಳಕ್ಕೆ ಇಳಿಯಿತು. ಮೊದಲು ಮೀನು ಹೋದವು. ಆಮೇಲೆ ದಂಡೆಯ ಹುಲ್ಲು. ಆಮೇಲೆ ಕುರಿಗಳು ಮೂಸಿ ನೋಡಿ ಮುಖ ತಿರುಗಿಸಿದವು. ಮೊದಲಿನಿಂದ ಮೇಲಿನ ಮಡು ಮೇಲಿನ ಓಣಿಗೆ, ಕೆಳಗಿನ ಮಡು ಕೆಳಗಿನ ಓಣಿಗೆ ಎಂದು ಊರಲ್ಲಿ ಕಟ್ಟಳೆ ಇತ್ತು. ಕೆಂಪು ನೀರಿಗೆ ಆ ಕಟ್ಟಳೆ ತಿಳಿಯಲಿಲ್ಲ. ಎಲ್ಲರ ಕೊಡಗಳನ್ನೂ ಅದು ಒಂದೇ ಸಮನೆ ತಿಂದು ತೂತು ಮಾಡಿತು.

ಆ ದಿನ ಕಟ್ಟೆಯಿಂದ ತುಸು ದೂರ, ಸ್ಕೂಟಿ ನಿಲ್ಲಿಸಿಕೊಂಡು ಆಮ್ರಪಾಲಿ ಇದನ್ನೆಲ್ಲ ನೋಡುತ್ತಿದ್ದಳು. ಕೆಳಗಿನ ಓಣಿಯ ಸಿದ್ರಾಮನ ಮಗಳು. ಗೋಡೆಯ ಮೇಲೆ ಬುದ್ಧನನ್ನೂ ಬಾಬಾಸಾಹೇಬರನ್ನೂ ಇಟ್ಟುಕೊಂಡ ಮನೆಯಿಂದ ಓದಿ ಮೇಲೆ ಬಂದವಳು, ನಿಡಸೋಸಿಯಲ್ಲಿ ಕಾಲೇಜಿನ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದಳು.

"ಲಗಮಕ್ಕ, ನಾ ಆ ನೀರ ಪರೀಕ್ಷಾ ಮಾಡೇನಿ," ಎಂದಳು. "ಆ ಕರಿ ಕಲ್ಲಿನೊಳಗ ಗಂಧಕ ಐತಿ. ಗಾಳಿ, ನೀರು ತಾಕಿದ್ರ ಹುಳಿ ಬಿಡತೈತಿ. ಆ ಹುಳಿ ಕಲ್ಲಿನೊಳಗಿನ ಕಬ್ಬಿಣಾನ ಕರಗಿಸಿ ತರತೈತಿ. ಈ ಕೆಂಪ ಅದ. ಖಣಿ ಮುಚ್ಚಾಕ ನಮ್ಮ ಕೈಲೆ ಆಗಂಗಿಲ್ಲ. ಆದ್ರ ನೀರಿನ ಹುಳಿ ಮುರೀಬಹುದು. ಸುಣ್ಣದ ಕಲ್ಲ ಬೇಕು, ಕುರಿ ಹಿಕ್ಕಿ ಬೇಕು, ಕೈ ಬೇಕು."

"ಅಂದ್ರ ಕೆಳಗಿನ ಓಣ್ಯಾವರು ಹೇಳ್ತಾರ, ಮ್ಯಾಲಿನ ಓಣ್ಯಾವರು ಕಲ್ಲ ಹೊರಬೇಕು?" ಎಂದು ಕಟ್ಟೆಯಿಂದ ಯಾರೋ ಗೊಣಗಿದರು.

ಲಗಮವ್ವ ಆ ದನಿಯ ಕಡೆ ತಿರುಗಿಯೂ ನೋಡಲಿಲ್ಲ. "ನೀರ ಮ್ಯಾಲಿಂದ ಕೆಳಗ ಹರಿತೈತಿ. ಬುದ್ಧಿ ಎಲ್ಲಿಂದ ಬಂದ್ರೂ ನಡಿತೈತಿ. ಹಿಕ್ಕಿ ನನ್ನ ಹಟ್ಟ್ಯಾಗ ಬೇಕಾದಷ್ಟೈತಿ ತಂಗಿ. ಕೈನೂ ಇಲ್ಲೆ ಕುಂತಾವು, ಎಲಿಗೆ ಸುಣ್ಣ ಸವರಾಕತ್ತಾವು. ಮುಂದಿನ ಸೋಮವಾರ ಬರೂದು ಎಲ್ಲಿಗೆ, ಅದನ್ನ ಹೇಳು."

ಹೀಗೆ ಶುರುವಾಯಿತು. ಕಲ್ಲಿಗೆ ದಾರಿ ಹುಡುಕಿದವನು ಮೂಡಲಗಿಯ ಟ್ರ್ಯಾಕ್ಟರ್ ಚಾಲಕ ದುಂಡೇಶ. ಕಬ್ಬು ಇಳಿಸಿ ಖಾಲಿ ಬರುವ ಟ್ರೇಲರುಗಳಲ್ಲಿ, ಯಾದವಾಡ ಕಡೆಯ ಸುಣ್ಣದ ಕಲ್ಲಿನ ಒಡೆದ ಚೂರುಗಳನ್ನು ತುಂಬಿಕೊಂಡು ಬಂದು ಹಳ್ಳದ ಬದಿ ಸುರಿಯತೊಡಗಿದ. ಖಣಿಯ ಬಾಯಿಂದ ಕೆಳಗೆ ಉದ್ದಕ್ಕೆ ಒಂದು ಕಾಲುವೆ ತೋಡಿ, ಅದರ ತುಂಬ ಕಲ್ಲು ಹಾಸಿದರು. ಕಾಲುವೆಯ ತುದಿಗೆ ಕೆಸರು ಇಳಿಯಲು ಒಂದು ಹೊಂಡ, ಅದರ ಕೆಳಗೆ ಹಿಕ್ಕೆಯನ್ನೂ ಕಬ್ಬಿನ ಒಣಸೋಗೆ, ರವದಿಯನ್ನೂ ತುಂಬಿದ ಇನ್ನೊಂದು ಹೊಂಡ. ಅಲ್ಲಿಂದ ಸೋಸಿದ ನೀರು ಮೇಲಿನ ಮಡುವಿಗೆ, ಅಲ್ಲಿಂದ ಕುರಿ ತೊಳೆಯುವ ಕೆಳಗಿನ ದೊಡ್ಡ ಮಡುವಿಗೆ.

ಮೊದಲ ತಿಂಗಳು ನೀರು ತಿಳಿಯಾಗುವ ಹಾಗೆ ಕಂಡಿತು. ಆಮೇಲೆ ಮತ್ತೆ ಕೆಂಪಾಯಿತು. ಜನ ಕೈಚೆಲ್ಲಿದರು. ಆಮ್ರಪಾಲಿ ಕಾಲುವೆಗಿಳಿದು ಒಂದು ಕಲ್ಲು ಎತ್ತಿ ನೋಡಿದಳು. ಕಲ್ಲಿನ ಮೈಗೆಲ್ಲ ಕೆಂಪು ಕಿಟ್ಟ ಹತ್ತಿ, ಒಳಗಿನ ಸುಣ್ಣ ನೀರಿಗೆ ತಾಕದ ಹಾಗಾಗಿತ್ತು.

"ರೊಟ್ಟಿ ಒಂದ ಮಗ್ಗಲಿಗೆ ಬೇಯಿಸಿದ್ರ ಹತ್ತತೈತಿ," ಎಂದಳು ಲಗಮವ್ವ, ಆ ಕಲ್ಲನ್ನು ಇನ್ನೊಂದು ಕಲ್ಲಿಗೆ ತಿಕ್ಕುತ್ತ. "ಮಗಚಬೇಕು."

ಅಂದಿನಿಂದ ಪ್ರತಿ ಸೋಮವಾರದ ಕೆಲಸ ಅದೇ. ಸಾಲಾಗಿ ಕಾಲುವೆಗಿಳಿಯುವುದು, ಕಲ್ಲು ಎತ್ತುವುದು, ತಿಕ್ಕುವುದು, ಮಗಚಿ ಇಡುವುದು. ಮೇಲಿನ ಓಣಿಯವರು ಒಂದು ಕಡೆಯಿಂದ, ಕೆಳಗಿನ ಓಣಿಯವರು ಇನ್ನೊಂದು ಕಡೆಯಿಂದ ಶುರು ಮಾಡಿ ನಡುವೆ ಕೂಡುತ್ತಿದ್ದರು. ಮೊದಮೊದಲು ನಡುವೆ ಒಂದು ಮಾರು ಜಾಗ ಬಿಟ್ಟು ನಿಲ್ಲುತ್ತಿದ್ದರು. ಆ ಒಂದು ಮಾರಿನಲ್ಲಿ ಕಲ್ಲು ಮಗಚುವವರಿಲ್ಲದೆ ಕಿಟ್ಟ ಹತ್ತಿ ನೀರು ಅಲ್ಲೇ ಕೆಡತೊಡಗಿದಾಗ, ಅದನ್ನೂ ಬಿಟ್ಟರು. ಆಮ್ರಪಾಲಿಗೆ ಸೋಮವಾರ ರಜೆ ಇರಲಿಲ್ಲ. ಬೆಳಗಾಗ ಒಂದು ಗಳಿಗೆ ಬಂದು ನೀರಿಗೆ ಹುಳಿ ತೋರಿಸುವ ಕಾಗದದ ಪಟ್ಟಿ ಅದ್ದಿ ನೋಡಿ ಹೋಗುತ್ತಿದ್ದಳು. ಸುತ್ತಲಿನ ಊರಿನವರು ಇವರಿಗೆ 'ಸೋಮವಾರದವರು' ಎಂದು ಹೆಸರಿಟ್ಟರು. ಹೆಸರಿನಲ್ಲಿ ಅರ್ಧ ನಗೆ ಇತ್ತು, ಅರ್ಧ ಹೊಟ್ಟೆಕಿಚ್ಚು.

ಈ ಸಲ ಸಂಕ್ರಾಂತಿ ಮುಗಿದು ಕತ್ತರಿ ಹಾಕುವ ಕಾಲ ಬಂದಾಗ, ಹಳ್ಳದ ಹಣೆಬರಹ ಒಂದೇ ದಿನದ ಮೇಲೆ ಬಂದು ನಿಂತಿತು.

ಮೂಡಲಗಿ ಕಡೆಯ ಶಿವಾನಂದ ಸಾವಕಾರ ಕಾರ್ಖಾನೆಗಳ ಬಾಯ್ಲರಿನ ಬೂದಿ ಎತ್ತುವ ಗುತ್ತಿಗೆದಾರ. ಎತ್ತಿದ ಬೂದಿಯನ್ನು ಎಲ್ಲಿಯಾದರೂ ಹಾಕಬೇಕಲ್ಲ. ಅವನ ಕಣ್ಣು ಇದ್ದಲ ಖಣಿಯ ಮೇಲೆ ಬಿದ್ದಿತ್ತು. ಹಳ್ಳ ಸತ್ತು ಹೋಗಿದೆ, ಅದಕ್ಕೆ ಇನ್ನು ಕೆಡುವುದೇನೂ ಇಲ್ಲ, ಆದ್ದರಿಂದ ಖಣಿಯನ್ನು ತನಗೆ ಕೊಡಬೇಕು ಎಂದು ಅವನು ಅರ್ಜಿ ಹಾಕಿದ್ದ. ಹಳ್ಳ ಸತ್ತಿದೆಯೋ ಬದುಕಿದೆಯೋ ನೋಡಲು ಬೆಳಗಾವಿಯಿಂದ ಮಾಲಿನ್ಯ ನಿಯಂತ್ರಣ ಕಚೇರಿಯ ಸಾಹೇಬರು ಮಂಗಳವಾರ ಬರುವವರಿದ್ದರು. ಸತ್ತಿದೆ ಎಂದು ಅವರು ಬರೆದರೆ ಖಣಿಗೆ ಬೂದಿ ಬೀಳುತ್ತದೆ. ಬೂದಿ ಬಿದ್ದ ಮೇಲೆ ಹತ್ತು ಊರಿನ ಸುಣ್ಣದ ಕಲ್ಲು ತಂದರೂ ಹಳ್ಳ ಏಳುವುದಿಲ್ಲ. ಲಗಮವ್ವನಿಗೆ ಹಳ್ಳದ ಜೊತೆ ಹಿಂಡೂ ಹೋಗುತ್ತಿತ್ತು, ಏಕೆಂದರೆ ಮಾಲಿಂಗಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

"ವೈನಿ, ಈ ಸಲಾನೂ ಕುರಿ ತೊಳ್ಯಾಕ ಧುಪದಾಳ ತನಕಾ ಹೊಡಕೊಂಡ ಹೋಗೂದಾದ್ರ ನನ್ನ ಕೈಲೆ ಆಗಂಗಿಲ್ಲ. ಹೋದ ಸಲ ದಾರ್‍ಯಾಗ ಲಾರಿ ಕೆಳಗ ಮೂರು ಕುರಿ ಹೋದ್ವು. ಊರ ಹಳ್ಳ ಆದ್ರ ಹಿಂಡ ಇರಲಿ. ಇಲ್ಲಾಂದ್ರ ಮಾರೂದ."

"ಮಾರೂ ಮಾತ ಬುಧವಾರ ಆಡೂಣು," ಎಂದಿದ್ದಳು ಲಗಮವ್ವ. "ಮಂಗಳವಾರ ಇನ್ನೂ ಮುಗಿದಿಲ್ಲ."

ಹಿಂದಿನ ದಿನ, ಸೋಮವಾರ, ಎಲ್ಲರೂ ಕಾಲುವೆಯಲ್ಲಿದ್ದಾಗ ಶಿವಾನಂದ ಸಾವಕಾರನೇ ಬಂದ. ಬಿಳಿ ಕಾರನ್ನು ದಂಡೆಯ ಮೇಲೆ ನಿಲ್ಲಿಸಿ, ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತು ನಕ್ಕ.

"ಏನವ್ವ ಲಗಮವ್ವ, ಸತ್ತ ಹಳ್ಳಕ್ಕ ಸಲಾಯಿನ್ ಹಚ್ಚಾಕತ್ತೀರಿ?"

"ಸತ್ತೈತೋ ಬದುಕೈತೋ ನಾಡಿ ಹಿಡದ ನೋಡ್ರಿ ಸಾವಕಾರ. ಬೂಟ ಕಳೀರಿ, ನೀರಾಗ ಇಳೀರಿ. ಕಲ್ಲೂ ನಾಕ ಮಗಚಿದಂಗಾತು."

"ನಾ ಊರಿಗೆ ಬೋರ್ ಹೊಡಸಿ ಕೊಡ್ತೀನಿ. ಸಮುದಾಯ ಭವನ ಕಟ್ಟಿಸಿ ಕೊಡ್ತೀನಿ. ನಿಮ್ಮ ಕುರಿ ತೊಳ್ಯಾಕ ಸಿಮೆಂಟಿನ ಟಾಕಿ ಕಟ್ಟಿಸ್ಲೇನು?"

"ಟಾಕಿ ಕಟ್ಟಸಬಹುದ್ರಿ. ಅದರಾಗ ಹಳ್ಳ ಹೆಂಗ ತುಂಬಸ್ತೀರಿ?"

ಕಾಲುವೆಯಲ್ಲಿದ್ದವರು ಕಿಸಕ್ಕನೆ ನಕ್ಕರು. ಸಾವಕಾರನ ಮುಖ ಬಿಗಿಯಿತು. "ನಾಳೆ ಸಾಹೇಬ ಬರ್ತಾನ. ಅಂವಾ ನಗಂಗಿಲ್ಲ, ಬರೀತಾನ," ಎಂದು ಹೇಳಿ ಕಾರು ಹತ್ತಿದ.

ಆ ಸಂಜೆ ಆಮ್ರಪಾಲಿ ಬರಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ನಡೆದಿತ್ತು. ನಡೆದದ್ದೆಲ್ಲ ಅವಳಿಲ್ಲದಾಗಲೇ ನಡೆಯಿತು.

ಹೊತ್ತು ಮುಳುಗುವಾಗ ಎಲ್ಲರೂ ಕಾಲುವೆಯಿಂದ ಎದ್ದು ಕೆಳಗಿನ ಮಡುವಿಗೆ ಬಂದರು. ನೀರು ತಿಳಿಯಾಗಿತ್ತು. ತಳದ ಮರಳು ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಆ ಮಡುವಿನ ತಳ ಕಂಡದ್ದು ಅದೇ ಮೊದಲು. ಉದ್ದಪ್ಪ ಅಷ್ಟರಲ್ಲಿ ಒಂದು ಕೆಲಸ ಮಾಡಿ ಮುಗಿಸಿದ್ದ. ಮೂವತ್ತು ವರ್ಷ ಸಾಲಿಗೆ ಸಾಹೇಬರು ಬಂದಾಗಲೆಲ್ಲ ಹಿಂದಿನ ದಿನ ಗೋಡೆಗೆ ಸುಣ್ಣ ಬಳಿದವನು ಅವನು. ಸಾಹೇಬರು ಬರುತ್ತಾರೆ ಎಂದರೆ ಸುಣ್ಣ ಬಳಿಯದೆ ಇರುವುದು ಅವನ ಕೈಗೆ ತಿಳಿಯದು. ಮಡುವಿನ ಸುತ್ತಲಿನ ಕಲ್ಲುಗಳಿಗೆಲ್ಲ ದಪ್ಪಗೆ ಸುಣ್ಣ ಬಳಿದು, ಬಕೆಟ್ಟಿನಲ್ಲಿ ಉಳಿದದ್ದನ್ನು ಮಡುವಿನ ಅಂಚಿಗೇ ಸುರಿದು, ಕುಂಚ ತೊಳೆದುಕೊಳ್ಳುತ್ತಿದ್ದ.

"ಹೆಂಗ ಕಾಣತೈತಿ?" ಎಂದು ಕೇಳಿದ.

"ಛಲೋ ಕಾಣತೈತಿ ಕಾಕಾ, ಮದಿವಿ ಮನಿ ಕಂಡಂಗ ಆತು," ಎಂದಳು ಲಗಮವ್ವ. ಆ ಹೊತ್ತಿಗೆ ಅವಳಿಗೆ ಏನು ಕಂಡಿದ್ದರೂ ಚೆನ್ನಾಗಿಯೇ ಕಾಣುತ್ತಿತ್ತು. ಸೊಂಟದ ಚೀಲದಿಂದ ಭಂಡಾರ ತೆಗೆದಳು. ಹಾಲುಮತದವರ ದೇವರಿಗೆ ಹಾರಿಸುವ ಅರಿಷಿಣದ ಪುಡಿ ಅದು. ಸಂತೋಷ ಮೈಮರೆಸಿದಾಗ ಅದು ಮುಷ್ಟಿಯಲ್ಲಿ ನಿಲ್ಲುವುದಿಲ್ಲ. ಅವಳು ಒಂದು ಮುಷ್ಟಿ ಹಾರಿಸಿದಳು, ಹಿಂದಿನವರು ಹತ್ತು ಮುಷ್ಟಿ ಹಾರಿಸಿದರು. ನಿಂಬೆಹಣ್ಣು ಇಟ್ಟು ಗಂಗೆಗೆ ಕೈ ಮುಗಿದರು. ಕತ್ತಲಾಗುತ್ತಿತ್ತು. ಹಳದಿ ಎಲ್ಲಿ ಬಿತ್ತು, ಬಿದ್ದು ಏನಾಯಿತು ಎಂದು ಯಾರೂ ನೋಡಲಿಲ್ಲ.

ಮಂಗಳವಾರ ಬೆಳಿಗ್ಗೆ ಲಗಮವ್ವ ಮುಖ ತೊಳೆಯುವಾಗ ಬಲಗೈ ಕೆಂಪಗಾಗಿತ್ತು. ಕಲ್ಲು ತಿಕ್ಕಿ ತಿಕ್ಕಿ ಹೀಗಾಗಿದೆ ಎಂದುಕೊಂಡು ಹಳ್ಳಕ್ಕೆ ನಡೆದಳು.

ದಂಡೆಯ ಮೇಲೆ ಜೀಪು ನಿಂತಿತ್ತು, ಬಿಳಿ ಕಾರೂ ನಿಂತಿತ್ತು. ಜನ ಸೇರಿದ್ದರು. ಲಗಮವ್ವ ಜನರನ್ನು ಸರಿಸಿ ಮುಂದೆ ಬಂದು ನೋಡಿದಳು. ಮಡುವಿನ ಸುತ್ತಲಿನ ಕಲ್ಲುಗಳೆಲ್ಲ ಕೆಂಪು. ಅಂಚಿನ ನೀರೂ ಕೆಂಪು. ಕುರಿ ಕೊಯ್ದ ಜಾಗದ ಹಾಗೆ ಕಾಣುತ್ತಿತ್ತು.

"ನೋಡ್ರಿ ಸಾಹೇಬ್ರ," ಎನ್ನುತ್ತಿದ್ದ ಶಿವಾನಂದ. "ನಾ ಬ್ಯಾರೆ ಏನೂ ಹೇಳಂಗಿಲ್ಲ. ನಿಮ್ಮ ಕಣ್ಣ ನಿಮಗ ಹೇಳತೈತಿ."

ಸಾಹೇಬರು ನಡುವಯಸ್ಸಿನವರು, ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು ಬಂದಿದ್ದರು. ಮೊದಲಿಂದಲೂ ಒಂದೇ ಕಡೆ ವಾಲಿದ ಮನುಷ್ಯನ ಹಾಗೇನೂ ಕಾಣಲಿಲ್ಲ. ನಿಟ್ಟುಸಿರು ಬಿಟ್ಟು, "ಭಾಳ ಕೆಲಸ ಮಾಡೀರಂತ ಕೇಳಿದ್ದೆ. ಆದ್ರ ಇದು…" ಎಂದು ನಿಲ್ಲಿಸಿ ಪೆನ್ನು ತೆಗೆದರು.

ಅಷ್ಟರಲ್ಲಿ ಆಮ್ರಪಾಲಿ ಓಡೋಡುತ್ತ ಬಂದಳು. ಅವಳ ಕಣ್ಣು ಮೊದಲು ಬಿದ್ದದ್ದು ನೀರಿನ ಮೇಲಲ್ಲ, ಪೊದೆಯ ಬುಡದಲ್ಲಿದ್ದ ಬಕೆಟ್ಟಿನ ಮೇಲೆ.

"ಸುಣ್ಣ ಯಾರ ಬಳದ್ರಿ?" ಎಂದಳು. ದನಿ ಸಣ್ಣಗಿತ್ತು.

ಉದ್ದಪ್ಪ ಧೋತ್ರದ ಚುಂಗು ಹಿಡಿದುಕೊಂಡು ನಿಂತ. "ಸಾಹೇಬ್ರ ಬರ್ತಾರಂತ…"

ಲಗಮವ್ವ ತನ್ನ ಬಲಗೈ ನೋಡಿಕೊಂಡಳು. ಭಂಡಾರ ಹಿಡಿದ ಕೈ. ಆಮೇಲೆ ಆ ಕೈ ಊರಿಯೇ ಹಸಿ ಸುಣ್ಣದ ಕಲ್ಲಿನ ಮೇಲಿಂದ ಎದ್ದಿದ್ದಳು. ತಲೆಯಲ್ಲಿ ಥಟ್ಟನೆ ಬೆಳಕಾಯಿತು, ಅದರ ಜೊತೆಗೇ ತನ್ನ ಮೇಲೆ ಸಿಟ್ಟೂ ಬಂತು. ಎಷ್ಟು ಆರತಿಗೆ ತಾನೇ ಕೈಯಾರೆ ಅರಿಷಿಣಕ್ಕೆ ಸುಣ್ಣ ಹಾಕಿ ಓಕುಳಿ ಕಲಸಿಲ್ಲ!

"ಪೆನ್ನ ಮುಚ್ರಿ ಸಾಹೇಬ್ರ," ಎಂದಳು.

"ಏನು?"

"ಒಂದ ಗಳಿಗಿ ಪೆನ್ನ ಮುಚ್ರಿ. ಸತ್ತಾರಂತ ಬರಿಯೂ ಮುಂಚೆ ಡಾಕ್ಟರೂ ಎರಡು ಸಲ ನೋಡ್ತಾರ."

ನಿನ್ನೆ ಗಂಗೆಗೆ ಇಟ್ಟ ನಿಂಬೆಹಣ್ಣು ಅಲ್ಲೇ ಇತ್ತು. ಕಲ್ಲಿಗೆ ಕುಟ್ಟಿ ಒಡೆದು, ಕೆಂಪಾದ ಕಲ್ಲಿನ ಮೇಲೆ ಹಿಂಡಿದಳು. ರಸ ಬಿದ್ದಲ್ಲೆಲ್ಲ ಕೆಂಪು ಕರಗಿ ಹಳದಿಯಾಯಿತು. ಇನ್ನೊಂದು ಹೋಳನ್ನು ತನ್ನ ಅಂಗೈಗೆ ತಿಕ್ಕಿ ಸಾಹೇಬರ ಮುಖದ ಮುಂದೆ ಹಿಡಿದಳು. ಅದೂ ಹಳದಿ.

"ಇದು ಖಣಿ ಕೆಂಪಲ್ರಿ, ಓಕುಳಿ. ಈ ಕಾಕಾ ಸುಣ್ಣ ಬಳದ, ನಾ ಅದರ ಮ್ಯಾಲ ಭಂಡಾರ ಹಾರಿಸಿದೆ. ಹುಚ್ಚತನ ನಮ್ದು. ಹಳ್ಳದ್ದಲ್ಲ."

ಸಾಹೇಬರ ತುಟಿಯ ಅಂಚು ಸಡಿಲಾಯಿತು. "ನಮ್ಮವ್ವ ಆರತಿ ತಾಟಿನಾಗ ಹಿಂಗ ಕಲಸತಿದ್ಲು," ಎಂದರು. ಆದರೆ ಮುಂದಿನ ಗಳಿಗೆಗೆ ಮುಖ ಮತ್ತೆ ಗಂಭೀರವಾಯಿತು. "ಬಣ್ಣ ತಿಳೀತವ್ವ. ಆದ್ರ ನೀರಿಗೂ ಸುಣ್ಣ ಸುರದೀರಿ. ಈಗ ಇಲ್ಲಿ ನೀರ ತಗೊಂಡ್ರ ನನ್ನ ಯಂತ್ರ ಸುಣ್ಣಾನ ಅಳೀತೈತಿ, ಹಳ್ಳಾನ ಅಲ್ಲ."

"ಮೋಸ!" ಎಂದು ಶಿವಾನಂದ ಕೈ ಎತ್ತಿದ. "ಪರೀಕ್ಷಾದಾಗ ಕಾಪಿ ಹೊಡದಂಗಾತು. ಯಂತ್ರಕ್ಕ ಮೋಸ ಮಾಡಾಕ ರಾತ್ರೋರಾತ್ರಿ ಸುಣ್ಣ ಸುರದಾರ!"

"ಮೋಸ ಮಾಡಾವರು ಕಾಣೂವಂಗ ಬಕೀಟ ಬಿಟ್ಟ ಹೋಗ್ತಾರೇನ್ರಿ?" ಎಂದಳು ಆಮ್ರಪಾಲಿ. ಆಮೇಲೆ ಸಾಹೇಬರ ಕಡೆ ತಿರುಗಿ, "ನೀವು ಹೇಳೂದು ಬರೋಬರಿ ಐತ್ರಿ ಸರ್. ಈ ಮಡುವಿನ ನೀರ ಇವತ್ತ ಲೆಕ್ಕಕ್ಕಿಲ್ಲ. ಆದ್ರ ಮ್ಯಾಲಿನ ಮಡುವಿಗೆ ಯಾರೂ ಸುಣ್ಣ ಹಾಕಿಲ್ಲ. ಅಲ್ಲಿ ತಗೋರಿ," ಎಂದಳು.

"ಹಾಕಿಲ್ಲಂತ ಯಾರ ಹೇಳಬೇಕು? ನೀವ!" ಶಿವಾನಂದ ಬಿಡಲಿಲ್ಲ. "ನೀರ ತಗೊಳ್ಳೂದಾದ್ರ ಖಣಿ ಬಾಯಾಗ ತಗೋರಿ ಸಾಹೇಬ್ರ. ಅಲ್ಲೆ ಯಾರೂ ಏನೂ ಬೆರಸಿಲ್ಲ."

ಖಣಿಯ ಬಾಯಲ್ಲಿ ನೀರು ಎಂದಿಗೂ ಕೆಂಪೇ. ಆ ಕೆಂಪನ್ನು ಕಳೆಯಲೆಂದೇ ಇಷ್ಟೆಲ್ಲ. ಸಾಹೇಬರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಜೀಪಿನ ಚಾಲಕ ಗಡಿಯಾರ ನೋಡಿಕೊಂಡ. ಮಾತು ಮಾತಿಗೆ ನಿಂತರೆ ಕೊನೆಗೆ ದೊಡ್ಡ ಕಾರಿನವನ ಮಾತೇ ಉಳಿಯುತ್ತದೆ ಎನ್ನುವುದನ್ನು ಲಗಮವ್ವ ಬಾಳಿನಲ್ಲಿ ಸಾಕಷ್ಟು ಸಲ ಕಂಡಿದ್ದಳು.

ಆಗ ದಿಬ್ಬದ ಆಚೆಯಿಂದ ಗಂಟೆಯ ಸದ್ದು ಕೇಳಿತು. ಮಾಲಿಂಗಪ್ಪ ಹಿಂಡು ಹೊಡೆದುಕೊಂಡು ಬರುತ್ತಿದ್ದ. ತೊಳೆಯುವ ದಿನವೆಂದು ಮಾತಾಗಿತ್ತು. ನಿನ್ನೆ ಮಧ್ಯಾಹ್ನದಿಂದ ಹಟ್ಟಿಯಲ್ಲಿದ್ದ ಕುರಿಗಳು ಬಾಯಾರಿ ಮುನ್ನುಗ್ಗುತ್ತಿದ್ದವು.

"ಹಿಂಡ ತಡೀರಿ!" ಎಂದು ಕೂಗಿದ ಉದ್ದಪ್ಪ, ಇನ್ನೊಂದು ಅನಾಹುತ ಆಗುವುದು ಬೇಡವೆಂದು.

"ತಡೀಬ್ಯಾಡ ಮಾಲಿಂಗ!" ಎಂದಳು ಲಗಮವ್ವ, ಅದಕ್ಕಿಂತ ಜೋರಾಗಿ. ಆಮೇಲೆ ಸಾಹೇಬರಿಗೆ ಹೇಳಿದಳು. "ನಮ್ಮ ಮಾತ ನಂಬಬ್ಯಾಡ್ರಿ, ಸಾವಕಾರ್‍ರ ಮಾತೂ ನಂಬಬ್ಯಾಡ್ರಿ. ಕುರಿಗೆ ಯಾವ ಪಾರ್ಟಿನೂ ಇಲ್ಲ. ಕೆಟ್ಟ ನೀರಿದ್ರ ಬಾಯಾರಿ ಸತ್ತರೂ ಮುಟ್ಟಂಗಿಲ್ಲ. ಅದು ಎಲ್ಲಿ ಬಾಯಿ ಇಡತೈತಿ, ಅಲ್ಲಿ ನಿಮ್ಮ ಬಾಟ್ಲಿ ಇಡ್ರಿ. ಎಲ್ಲೂ ಇಡದಿದ್ರ ನೀವು ಬೇಕಾದ್ದ ಬರ್ಕೋರಿ. ನಾನ ಹಿಂಡ ಮಾರಿ ಮನ್ಯಾಗ ಕುಂಡ್ರತೀನಿ."

"ವೈನಿ!" ಎಂದ ಮಾಲಿಂಗಪ್ಪ. ಮಾರುವ ಮಾತು ಆಡಿದವನೇ ಅವನಾದರೂ, ಅದನ್ನು ಅವಳ ಬಾಯಲ್ಲಿ ಕೇಳಿ ಹಿಂಡಿಗೆ ಕೋಲು ಅಡ್ಡ ಹಿಡಿಯಲು ಹೋಗಿ ನಿಂತ. ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು: ಈ ಕುರಿಗಳು ಹುಟ್ಟಿದಾಗಿನಿಂದ ಈ ಹಳ್ಳದ ನೀರು ಕುಡಿದಿಲ್ಲ. ಹೋದ ವರ್ಷವೂ ಮೂಸಿ ನೋಡಿ ಹಿಂದೆ ಸರಿದಿದ್ದವು.

ಹಿಂಡಿನ ಮುಂದಾಳು ಒಂದು ಮುದಿ ಕರಿ ಕುರಿ, ಒಂದು ಕಿವಿ ಹರಿದದ್ದು. ಅದು ಮೊದಲು ಕೆಳಗಿನ ಮಡುವಿಗೇ ಬಂತು. ಕತ್ತು ಬಗ್ಗಿಸಿತು. ಮೂಗು ನೀರಿಗೆ ಒಂದು ಬೆರಳು ದೂರ ಇರುವಾಗ ನಿಂತಿತು. ಫುರ್ರ್ ಎಂದು ಸೀನಿ, ತಲೆ ಕೊಡವಿ, ಎರಡು ಹೆಜ್ಜೆ ಹಿಂದೆ ಸರಿಯಿತು.

ಶಿವಾನಂದ ದೊಡ್ಡದಾಗಿ ನಕ್ಕ. "ಮುಗೀತು ನೋಡ್ರಿ! ನಿಮ್ಮ ಕುರಿನ ಸಾಕ್ಷಿ ಹೇಳಿತು."

ಲಗಮವ್ವ ಕುರಿಯನ್ನೇ ನೋಡುತ್ತಿದ್ದಳು. ಕರೆಯಬೇಕೆನಿಸಿತು. ಅರ್ರ್ ಎಂದು ಒಂದು ದನಿ ಹೊರಡಿಸಿದರೆ ಸಾಕು, ಅದು ಅವಳು ಹೇಳಿದಲ್ಲಿಗೆ ಬರುತ್ತಿತ್ತು. ಆದರೆ ಕರೆದು ಕುಡಿಸಿದ ನೀರಿಗೆ ಬೆಲೆ ಏನು? ಹಲ್ಲು ಕಚ್ಚಿ ನಿಂತಳು. ಆಮ್ರಪಾಲಿ ಪಕ್ಕಕ್ಕೆ ಬಂದು ನಿಂತದ್ದು, ಕೆಂಪೂ ಹಳದಿಯೂ ಆದ ಆ ಕೈಯನ್ನು ಹಿಡಿದದ್ದು ಅವಳಿಗೆ ಆಮೇಲೆ ತಿಳಿಯಿತು.

ಮುದಿ ಕುರಿ ಸುತ್ತ ನೋಡಿತು. ಹರಿದ ಕಿವಿ ಅಲುಗಿತು. ಮೇಲಿನ ಮಡುವಿನಿಂದ ಕಲ್ಲಿನ ಮೇಲೆ ನೀರು ಸುರಿಯುವ ಸದ್ದು ಬರುತ್ತಿತ್ತು. ಅದು ಸುಣ್ಣ ಬಳಿದ ಕಲ್ಲುಗಳನ್ನು ಸುತ್ತು ಹಾದು, ದಿಬ್ಬ ಹತ್ತಿ, ಮೇಲಿನ ಮಡುವಿನ ಅಂಚಿಗೆ ಹೋಗಿ ನಿಂತಿತು. ಮೂಸಿತು. ಮತ್ತೆ ಮೂಸಿತು. ಜನರಲ್ಲಿ ಯಾರೋ ಕೆಮ್ಮಲು ಹೋಗಿ ಬಾಯಿಗೆ ಕೈ ಅಡ್ಡ ಹಿಡಿದರು.

ಆಮೇಲೆ ಕುರಿ ಮುಂಗಾಲು ಮಡಚಿ ಬಗ್ಗಿ, ಬಾಯಿಟ್ಟು, ಕುಡಿಯಿತು. ನಾಲ್ಕು ಗುಟುಕು ಕುಡಿದು ಬಿಡಲಿಲ್ಲ, ಹೊಟ್ಟೆ ತುಂಬ ಕುಡಿಯಿತು. ಹಿಂದಿನವು ಒಂದರ ಮೇಲೊಂದು ನೂಕಾಡುತ್ತ ನುಗ್ಗಿದವು. ಮಡುವಿನ ದಂಡೆಯುದ್ದಕ್ಕೂ ಬಾಯಿಗಳು ಸಾಲುಗಟ್ಟಿದವು. ಮಾಲಿಂಗಪ್ಪ ಕೋಲು ಊರಿ ನಿಂತು ಮುಖ ಆ ಕಡೆ ತಿರುಗಿಸಿ, ಪಟಗದ ಸೆರಗಿನಿಂದ ಕಣ್ಣು ಒರೆಸಿಕೊಂಡ. ಧೂಳು ಎಂದು ಆಮೇಲೆ ಹೇಳಿದ.

ಸಾಹೇಬರು ದಿಬ್ಬ ಹತ್ತಿದರು. ಎರಡು ಕುರಿಗಳ ನಡುವೆ ಜಾಗ ಮಾಡಿಕೊಂಡು ಕುಕ್ಕರಗಾಲಿನಲ್ಲಿ ಕೂತು ಬಾಟಲಿ ತುಂಬಿಕೊಂಡರು. ಯಂತ್ರದ ಕಡ್ಡಿ ನೀರಿಗೆ ಅದ್ದಿ, ಅಂಕಿ ನಿಲ್ಲುವ ತನಕ ಕಾದು, ಆಮ್ರಪಾಲಿಗೆ ತೋರಿಸಿದರು. ಅವಳು ಓದಿ ನಕ್ಕಳು, ಮರುಗಳಿಗೆಗೇ ಗಂಭೀರಳಾದಳು.

"ಮನಷ್ಯಾರು ಕುಡ್ಯಾಕ ಇನ್ನೂ ಬ್ಯಾಡ್ರಿ," ಎಂದರು ಸಾಹೇಬರು ಎಲ್ಲರಿಗೂ ಕೇಳುವಂತೆ. "ಬಾಟ್ಲಿ ಬೆಳಗಾವಿಗೆ ಹೋಗ್ತೈತಿ, ಅಲ್ಲಿ ಪೂರಾ ನೋಡ್ತಾರ. ಆದ್ರ ಹುಳಿ ಮುರದೈತಿ. ಈ ಹಳ್ಳ ಸತ್ತೈತಿ ಅಂತ ನಾ ಬರಿಯಂಗಿಲ್ಲ." ಪೆನ್ನು ತೆಗೆದು ಅಲ್ಲೇ ಕಲ್ಲಿನ ಮೇಲೆ ಕೂತು ಬರೆದರು: ಹಳ್ಳಕ್ಕೆ ಜೀವವಿದೆ, ದುರಸ್ತಿ ನಡೆದಿದೆ, ಖಣಿಗೆ ಬೂದಿ ಸುರಿಯಲು ಬಿಡುವಂತಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದರು. "ಮತ್ತ ಬರ್ತೀನಿ. ಈ ಸಲ ಹೇಳಿ ಬರಂಗಿಲ್ಲ."

"ಹೇಳಬ್ಯಾಡ್ರಿ," ಎಂದಳು ಲಗಮವ್ವ. "ಹೇಳಿದ್ರ ನಮ್ಮ ಕಾಕಾ ಸುಮ್ನ ಕುಂಡ್ರಂಗಿಲ್ಲ."

ಈ ಸಲ ಉದ್ದಪ್ಪನೂ ನಕ್ಕ.

ಶಿವಾನಂದ ಮಾತ್ರ ನಗಲಿಲ್ಲ. ಕಾರಿನ ಬಾಗಿಲ ಹತ್ತಿರ ನಿಂತು ಬೆರಳು ತೋರಿಸಿದ. "ಇದು ಮುಗದಿಲ್ಲ ಲಗಮವ್ವ. ನೀವು ಎಷ್ಟ ದಿವಸ ಕಲ್ಲ ತಿಕ್ಕತೀರಿ? ಒಂದ ಸಲ ಬಿಟ್ರ ಮತ್ತ ಕೆಂಪ ಆಗ್ತೈತಿ. ನಾ ಕಾಯ್ತೀನಿ."

ಅವನು ಹೇಳಿದ್ದರಲ್ಲಿ ಖರೆ ಇತ್ತು. ಖಣಿ ಅಲ್ಲೇ ಇತ್ತು. ಅದರ ಊಟೆ ನಿಲ್ಲುವಂಥದ್ದಲ್ಲ. ಲಗಮವ್ವನಿಗೆ ಅದು ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

"ಕಾಯ್ರಿ ಸಾವಕಾರ," ಎಂದಳು. "ನಾವು ದಿನಾ ರೊಟ್ಟಿ ಬಡಿತೀವಿ. ನಿನ್ನಿ ಬಡದೇವಿ ಅಂತ ಇವತ್ತ ಬಿಟ್ಟೇವೇನು? ಮಗಚೂದು ನಮಗ ರೂಢಿ ಐತಿ. ಕಾಯೂದು ನಿಮಗ ರೂಢಿ ಐತೇನು, ನೋಡ್ಕೋರಿ."

ಅವನು ಕಾರು ಹತ್ತಿ ಬಾಗಿಲು ಧಡಕ್ಕನೆ ಹಾಕಿಕೊಂಡ. ಆದರೆ ಹೋಗಲಾಗಲಿಲ್ಲ. ಹೊಟ್ಟೆ ತುಂಬ ನೀರು ಕುಡಿದ ಹಿಂಡು ದಿಬ್ಬ ಇಳಿದು, ದಾರಿಯ ಬೆಚ್ಚನೆಯ ಧೂಳಿನಲ್ಲಿ, ಕಾರಿನ ಮುಂದೆ ಹಿಂದೆ ಅಕ್ಕಪಕ್ಕ ಎಲ್ಲ ಕಡೆ ಹರಡಿಕೊಂಡು ಮಲಗಿ ಮೆಲುಕು ಹಾಕತೊಡಗಿತ್ತು. ಹರಿದ ಕಿವಿಯ ಮುದಿ ಕುರಿ ಕಾರಿನ ಮೂತಿಗೇ ಬೆನ್ನು ಆನಿಸಿ ಕೂತಿತ್ತು. ಶಿವಾನಂದ ಹಾರ್ನು ಹೊಡೆದ. ಒಂದು ಕುರಿಯೂ ಕತ್ತು ಎತ್ತಲಿಲ್ಲ. ಮತ್ತೆ ಹೊಡೆದ, ಉದ್ದಕ್ಕೆ.

"ಎಬ್ಬಸ್ಲೇನು ವೈನಿ?" ಎಂದು ಮಾಲಿಂಗಪ್ಪ ಕೇಳಿದ.

"ಯಾಕ? ಕುರಿ ನೀರ ಕುಡದ ಮ್ಯಾಲ ಎಬ್ಬಸಬಾರದು," ಎಂದಳು ಲಗಮವ್ವ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಕೆಳಗಿನ ಮಡುವಿಗೆ ಇಳಿಯುತ್ತ. "ಅವರಿಗೆ ಕಾಯೂದು ಬರತೈತಂತ, ಈಗ ಹೇಳ್ಯಾರ. ಕಾಕಾ, ಆ ಕುಂಚ ಇಟ್ಟ ತಿಕ್ಕೂ ಬ್ರಷ್ ತಗೊಂಡ ಬರ್ರಿ. ನೀವು ಬಳದದ್ದು ನೀವ ತಿಕ್ಕಬೇಕು, ನಾ ಹಾರಿಸಿದ್ದು ನಾ ತಿಕ್ಕತೀನಿ. ಸೋಮವಾರದೊಳಗ ಈ ಮಡುವಿನಾಗ ಕುರಿ ತೊಳೀಬೇಕು. ತಂಗಿ, ನೀನೂ ಬಾ. ಇವತ್ತ ಮಂಗಳವಾರ ಆದ್ರ ಏನಾತು."